ಹೆಪಟೈಟಿಸ್ ಬಿ, ಸಿ ಇದ್ದವರಿಗೆ ಕೀಲುನೋವು ಬಂದರೆ: ಯಾವುದು ಮೊದಲು, ಯಾವುದು ಆಮೇಲೆ

ಬೆಳಿಗ್ಗೆ ಎದ್ದರೆ ಬೆರಳು ಮಡಚಲಾಗದು, ಮಣಿಕಟ್ಟು ಊದಿದೆ, ರಕ್ತಪರೀಕ್ಷೆಯಲ್ಲಿ ಆರ್‌ಎ ಫ್ಯಾಕ್ಟರ್ ಪಾಸಿಟಿವ್. ಇಷ್ಟು ಕೂಡಿಬಂದರೆ ಚೀಟಿಯಲ್ಲಿ ರುಮಟಾಯ್ಡ್ ಸಂಧಿವಾತ ಎಂದು ಬರೆದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ಶುರುವಾಗಿಬಿಡುತ್ತದೆ. ಆದರೆ ಅದೇ ರಕ್ತದಲ್ಲಿ ಹೆಪಟೈಟಿಸ್ ಸಿ ವೈರಸ್ ಅಡಗಿದ್ದರೆ ರೋಗದ ಹೆಸರೂ ತಪ್ಪಿರಬಹುದು, ಮದ್ದೂ ತಪ್ಪಿರಬಹುದು. ಹೆಪಟೈಟಿಸ್ ಬಿ ಇದ್ದರೆ ಅಪಾಯ ಬೇರೆ ಬಗೆಯದು. ನೋವಿಗೆಂದು ಕೊಟ್ಟ ಸ್ಟೆರಾಯ್ಡ್ ಸುಮ್ಮನೆ ಮಲಗಿದ್ದ ವೈರಸ್ಸನ್ನು ಎಬ್ಬಿಸಿ ಲಿವರನ್ನೇ ಕೆಡವಬಹುದು. ಹಾಗಾಗಿ ಮೊದಲು ವೈರಸ್ಸಿನ ಲೆಕ್ಕ ಆಗಬೇಕು, ಕೀಲಿನ ಮದ್ದು ಆಮೇಲೆ.

ಲಿವರಿನ ವೈರಸ್ಸಿಗೂ ಮಂಡಿಗೂ ಏನು ಸಂಬಂಧ?

ವೈರಸ್ ನೇರವಾಗಿ ಕೀಲನ್ನು ತಿನ್ನುವುದು ಅಪರೂಪ. ಕೆಡುಕು ಮಾಡುವುದು ಅದರ ವಿರುದ್ಧ ಹೋರಾಡುವ ನಮ್ಮ ರೋಗನಿರೋಧಕ ವ್ಯವಸ್ಥೆ. ಹೆಪಟೈಟಿಸ್ ಸಿ ವರ್ಷಗಟ್ಟಲೆ ರಕ್ತದಲ್ಲಿದ್ದಾಗ ಪ್ರತಿಕಾಯ ತಯಾರಿಸುವ ಬಿ ಜೀವಕೋಶಗಳಿಗೆ ಬಿಡುವೇ ಇರುವುದಿಲ್ಲ. ಅವು ಪ್ರತಿಕಾಯಗಳ ಮೇಲೇ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಮಾಡತೊಡಗುತ್ತವೆ. ಲ್ಯಾಬ್ ವರದಿಯಲ್ಲಿ ‘ಆರ್‌ಎ ಫ್ಯಾಕ್ಟರ್’ ಎಂದು ಕಾಣುವುದು ಇದೇ. ಇವು ಗೊಂಚಲುಗಟ್ಟಿ ಸಣ್ಣ ರಕ್ತನಾಳಗಳ ಗೋಡೆಗೆ ಕೂರುತ್ತವೆ. ಕೆಲವು ಗೊಂಚಲುಗಳಿಗೆ ಇನ್ನೊಂದು ಗುಣವಿದೆ: ತಣ್ಣಗಾದರೆ ಗಟ್ಟಿಯಾಗುತ್ತವೆ, ಬೆಚ್ಚಗಾದರೆ ಕರಗುತ್ತವೆ, ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಕೊಬ್ಬರಿ ಎಣ್ಣೆಯ ಹಾಗೆ. ಇವಕ್ಕೆ ಕ್ರಯೋಗ್ಲಾಬ್ಯುಲಿನ್ ಎಂದು ಹೆಸರು. ಚರ್ಮ, ಕೀಲು, ನರ, ಮೂತ್ರಪಿಂಡ, ನಾಲ್ಕೂ ಕಡೆ ಇವುಗಳ ಹಾವಳಿ ಕಾಣುತ್ತದೆ.

ಹೆಪಟೈಟಿಸ್ ಬಿ ಯಲ್ಲಿ ವೈರಸ್ಸಿನ ಹೊರಮೈ ಪ್ರೋಟೀನು ಮತ್ತು ಅದರ ವಿರುದ್ಧದ ಪ್ರತಿಕಾಯ ಸೇರಿ ಇಂಥದೇ ಗೊಂಚಲು ಕಟ್ಟುತ್ತವೆ. ಆದರೆ ಅದರ ನಡೆ ಬೇರೆ, ಚಿಕಿತ್ಸೆಯೂ ಬೇರೆ.

ಮೊದಲ ಹೆಜ್ಜೆ: ನೋವಿನ ಚಹರೆ ಗುರುತು ಮಾಡಿಕೊಳ್ಳಿ

ವೈದ್ಯರ ಬಳಿ ಹೋಗುವ ಮುನ್ನ ಒಂದು ವಾರ ಬರೆದಿಡಿ. ಯಾವ ಕೀಲು, ಎರಡೂ ಕಡೆಯೋ ಒಂದೇ ಕಡೆಯೋ, ಬೆಳಗಿನ ಬಿಗಿತ ಎಷ್ಟು ನಿಮಿಷ, ಊತ ಕಣ್ಣಿಗೆ ಕಾಣುತ್ತದೆಯೋ ಬರೀ ನೋವೋ. ‘ಮೈಯೆಲ್ಲಾ ನೋವು’ ಎಂದಷ್ಟೇ ಹೇಳಿದರೆ ವೈದ್ಯರಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಹೆಪಟೈಟಿಸ್ ಸಿ ಯಲ್ಲಿ ಎರಡು ಚಹರೆಗಳಿವೆ. ಒಂದು, ಬೆರಳ ಗೆಣ್ಣು, ಮಣಿಕಟ್ಟುಗಳಲ್ಲಿ ಎರಡೂ ಕಡೆ ಬರುವ ನೋವು. ಥೇಟ್ ರುಮಟಾಯ್ಡ್‌ನಂತೆ ಕಂಡರೂ ಎಕ್ಸ್‌ರೇಯಲ್ಲಿ ಮೂಳೆ ಸವೆದಿರುವುದಿಲ್ಲ. ಇನ್ನೊಂದು, ಪಾದದ ಗಿಣ್ಣು ಅಥವಾ ಮಂಡಿಯಲ್ಲಿ ಬಂದು ಹೋಗಿ ಮಾಡುವ ಊತ. ಇದು ಕ್ರಯೋಗ್ಲಾಬ್ಯುಲಿನ್ ಜೊತೆ ಬರುವುದು ಹೆಚ್ಚು. ಇದರ ಜೊತೆಗೆ ಕಾಲಲ್ಲಿ ಕೆಂಪು ಚುಕ್ಕೆ, ವಿಪರೀತ ಸುಸ್ತು ಸೇರಿದರೆ ಅನುಮಾನ ಗಟ್ಟಿಯಾಗುತ್ತದೆ.

ಆ ಚುಕ್ಕೆಗಳನ್ನು ಮನೆಯಲ್ಲೇ ನೋಡಬಹುದು. ಪಾರದರ್ಶಕ ಗಾಜಿನ ಲೋಟದ ತಳವನ್ನು ಚುಕ್ಕೆಯ ಮೇಲೆ ಒತ್ತಿ ಹಿಡಿಯಿರಿ. ಅಲರ್ಜಿಯ ಕೆಂಪಾದರೆ ಒತ್ತಿದಾಗ ಮಾಯವಾಗುತ್ತದೆ. ಮಾಯವಾಗದೆ ಉಳಿದರೆ ಅದು ರಕ್ತನಾಳದಿಂದ ಹೊರಬಂದ ರಕ್ತ. ಬೆರಳಾಡಿಸಿದರೆ ಸ್ವಲ್ಪ ಉಬ್ಬಿದ್ದು ಗೊತ್ತಾಗುತ್ತದೆ, ವಾಸಿಯಾದ ಮೇಲೆ ಕಂದು ಕಲೆ ಉಳಿಯುತ್ತದೆ. ಹಗಲಲ್ಲಿ ಫೋಟೊ ತೆಗೆದಿಡಿ. ವೈದ್ಯರ ದಿನ ಬರುವಷ್ಟರಲ್ಲಿ ಅವು ಮಾಸಿರುತ್ತವೆ.

ಪಾದ ಉರಿಯುವುದು, ಚಪ್ಪಲಿ ಕಾಲಿಂದ ಜಾರಿದರೂ ಗೊತ್ತಾಗದಿರುವುದು ನರಕ್ಕೆ ಪೆಟ್ಟಾದ ಗುರುತು. ಸಕ್ಕರೆ ಕಾಯಿಲೆಯೂ ಇದ್ದವರಲ್ಲಿ ಇದನ್ನು ಪೂರ್ತಿ ಸಕ್ಕರೆಯ ಲೆಕ್ಕಕ್ಕೇ ಬರೆದುಬಿಡುವುದುಂಟು. ಮೂತ್ರದಲ್ಲಿ ನೊರೆ ನಿಲ್ಲುತ್ತಿದ್ದರೆ, ಬಿಪಿ ಹೊಸದಾಗಿ ಏರಿದ್ದರೆ ಮೂತ್ರಪಿಂಡದ ಕಡೆ ನೋಡಬೇಕು.

ಹೆಪಟೈಟಿಸ್ ಬಿ ಯ ಸೋಂಕು ಹೊಸದಾಗಿ ತಗುಲಿದಾಗ, ಕಾಮಾಲೆ ಕಾಣುವ ಕೆಲವು ದಿನ ಅಥವಾ ವಾರಗಳ ಮುಂಚೆ, ಜ್ವರ, ದದ್ದು, ಹಲವು ಕೀಲುಗಳ ನೋವು ಒಮ್ಮೆಲೇ ಬರಬಹುದು. ಕಣ್ಣು ಹಳದಿಯಾಗುವ ಹೊತ್ತಿಗೆ ಕೀಲುನೋವು ಇಳಿದಿರುತ್ತದೆ. ನಮ್ಮ ಕಡೆ ಇದನ್ನು ಚಿಕೂನ್‌ಗುನ್ಯಾ ಎಂದು ಬಿಟ್ಟುಬಿಡುವುದು ಸುಲಭ. 2006ರಲ್ಲಿ ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಅದು ಹಬ್ಬಿದಾಗಿನಿಂದ ಜ್ವರದ ಜೊತೆ ಗಂಟುನೋವು ಎಂದರೆ ಎಲ್ಲರ ಬಾಯಲ್ಲೂ ಅದೇ ಹೆಸರು. ಎಸ್‌ಜಿಪಿಟಿ (ಲಿವರಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಕಿಣ್ವ) ಮತ್ತು ಎಚ್‌ಬಿಎಸ್‌ಎಜಿ (ಬಿ ವೈರಸ್ಸಿನ ಹೊರಮೈ ಪ್ರೋಟೀನು) ಪರೀಕ್ಷೆ ಮಾಡಿಸಿದರೆ ವ್ಯತ್ಯಾಸ ತಿಳಿಯುತ್ತದೆ.

ಬಿ ಯ ಇನ್ನೊಂದು ರೂಪ ಅಪರೂಪದ್ದು, ಆದರೆ ಗಂಭೀರ: ಮಧ್ಯಮ ಗಾತ್ರದ ರಕ್ತನಾಳಗಳ ಉರಿಯೂತ, ಪಾಲಿಆರ್ಟರೈಟಿಸ್ ನೊಡೋಸಾ. ತೂಕ ಇಳಿಯುವುದು, ಊಟವಾದ ಮೇಲೆ ಹೊಟ್ಟೆನೋವು, ದಿಢೀರನೆ ಪಾದ ಎತ್ತಲಾಗದಿರುವುದು, ಗಂಡಸರಲ್ಲಿ ವೃಷಣದ ನೋವು, ಹೊಸ ಬಿಪಿ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಇದ್ದರೆ ಹೊರರೋಗಿಯ ಸರದಿಯಲ್ಲಿ ಕೂರಬೇಡಿ, ದಾಖಲಾಗಿ.

ಎಲ್ಲ ಕೀಲುನೋವನ್ನೂ ವೈರಸ್ಸಿನ ತಲೆಗೆ ಕಟ್ಟುವುದೂ ತಪ್ಪು. ಅರುವತ್ತರ ಮಂಡಿ ಸವೆತ ಹೆಪಟೈಟಿಸ್ ಇದ್ದವರಿಗೂ ಬರುತ್ತದೆ, ಯೂರಿಕ್ ಆಮ್ಲ ಕೀಲಲ್ಲಿ ಕೂತು ಬರುವ ಗೌಟ್ ಕೂಡ. ಬಿ ಗೆಂದು ಟೆನೊಫೊವಿರ್‌ನ ಹಳೆಯ ರೂಪವನ್ನು (ದಿನಕ್ಕೆ 300 ಮಿಲಿಗ್ರಾಂ) ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಮೂತ್ರದ ಮೂಲಕ ಫಾಸ್ಫೇಟ್ ಸೋರಿ ಮೂಳೆ ಮೆತ್ತಗಾಗಬಹುದು. ಆಗ ನೋಯುವುದು ಕೀಲಲ್ಲ, ಸೊಂಟ, ತೊಡೆ, ಪಕ್ಕೆಯ ಮೂಳೆ. ಕ್ರಿಯಾಟಿನಿನ್, ಫಾಸ್ಫೇಟ್ ನೋಡಿಸಿ. ಹೌದಾದರೆ ಟೆನೊಫೊವಿರ್ ಅಲಾಫೆನಮೈಡ್ 25 ಮಿಲಿಗ್ರಾಂ ಅಥವಾ ಎಂಟೆಕಾವಿರ್‌ಗೆ ಬದಲಿಸುವ ಬಗ್ಗೆ ವೈದ್ಯರು ತೀರ್ಮಾನಿಸುತ್ತಾರೆ.

ಎರಡನೆಯ ಹೆಜ್ಜೆ: ಪರೀಕ್ಷೆಗಳು

ಮೊದಲ ಸುತ್ತಿನಲ್ಲಿ ಎಚ್‌ಬಿಎಸ್‌ಎಜಿ, ಆ್ಯಂಟಿ ಎಚ್‌ಬಿಸಿ ಟೋಟಲ್ (ಬಿ ಸೋಂಕು ಈಗ ಅಥವಾ ಹಿಂದೆ ತಗುಲಿದ್ದನ್ನು ತೋರಿಸುವ ಪ್ರತಿಕಾಯ), ಆ್ಯಂಟಿ ಎಚ್‌ಸಿವಿ (ಸಿ ವೈರಸ್ಸಿನ ವಿರುದ್ಧದ ಪ್ರತಿಕಾಯ), ಎಸ್‌ಜಿಪಿಟಿ, ಎಸ್‌ಜಿಒಟಿ, ಪ್ಲೇಟ್‌ಲೆಟ್ ಸಹಿತ ರಕ್ತದ ಎಣಿಕೆ, ಕ್ರಿಯಾಟಿನಿನ್, ಮೂತ್ರಪರೀಕ್ಷೆ ಸಾಕು. ಆ್ಯಂಟಿ ಎಚ್‌ಬಿಸಿಯಲ್ಲಿ ‘ಟೋಟಲ್’ ಎಂಬುದನ್ನು ಚೀಟಿಯಲ್ಲಿ ನೋಡಿಕೊಳ್ಳಿ. ಲ್ಯಾಬಿನಲ್ಲಿ ಬರೀ ಐಜಿಎಂ (ಹೊಸ ಸೋಂಕಿನಲ್ಲಿ ಕಾಣುವ ಪ್ರತಿಕಾಯ) ಮಾಡಿ ಕೊಟ್ಟರೆ ಹಳೆಯ ಸೋಂಕು ಕಣ್ಣಿಗೆ ಬೀಳುವುದೇ ಇಲ್ಲ. ಸ್ಟೆರಾಯ್ಡ್ ಕೊಡಬೇಕೋ ಬೇಡವೋ ಎನ್ನುವಾಗ ಬೇಕಾಗುವುದು ಆ ಹಳೆಯ ಸೋಂಕಿನ ಸುದ್ದಿಯೇ.

ಆ್ಯಂಟಿ ಎಚ್‌ಸಿವಿ ಪಾಸಿಟಿವ್ ಬಂದರೆ ಎಚ್‌ಸಿವಿ ಆರ್‌ಎನ್‌ಎ, ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೆ ಎಚ್‌ಬಿವಿ ಡಿಎನ್‌ಎ ಮಾಡಿಸಬೇಕು. ಇವೆರಡೂ ರಕ್ತದಲ್ಲಿರುವ ವೈರಸ್ಸನ್ನೇ ಅಳೆಯುತ್ತವೆ. ಆ್ಯಂಟಿ ಎಚ್‌ಸಿವಿ ವಾಸಿಯಾದ ಮೇಲೂ ಬಹುತೇಕ ಜನ್ಮಪೂರ್ತಿ ಪಾಸಿಟಿವ್ ಉಳಿಯುತ್ತದೆ. ವೈರಸ್ ಈಗ ಇದೆಯೋ ಇಲ್ಲವೋ ಹೇಳುವುದು ಆರ್‌ಎನ್‌ಎ ಮಾತ್ರ. 2000ರ ದಶಕದ ಆರಂಭಕ್ಕೂ ಮುಂಚೆ ಹೆರಿಗೆ ಅಥವಾ ಆಪರೇಷನ್ ಹೊತ್ತಿನಲ್ಲಿ ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು, ಬೇರೆಯವರಿಗೆ ಬಳಸಿದ ಸೂಜಿಯಿಂದ ಚುಚ್ಚಿಸಿಕೊಂಡವರು ಯಾವ ಲಕ್ಷಣ ಇಲ್ಲದಿದ್ದರೂ ಒಮ್ಮೆ ಇದನ್ನು ಮಾಡಿಸಿಕೊಂಡಿರಬೇಕು.

ಎರಡನೆಯ ಸುತ್ತಿನಲ್ಲಿ ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ (ರುಮಟಾಯ್ಡಿಗೆ ಹೆಚ್ಚು ನಿಖರವಾದ ಪ್ರತಿಕಾಯ), ಸಿ3, ಸಿ4 (ರೋಗನಿರೋಧಕ ವ್ಯವಸ್ಥೆಯ ಪ್ರೋಟೀನುಗಳು), ಎಎನ್‌ಎ (ಜೀವಕೋಶದ ಕೇಂದ್ರದ ವಿರುದ್ಧದ ಪ್ರತಿಕಾಯ). ಹೆಪಟೈಟಿಸ್ ಸಿ ಯಲ್ಲಿ ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬರುವುದು ತೀರಾ ಸಾಮಾನ್ಯ, ಹಾಗಾಗಿ ಅದೊಂದನ್ನೇ ನಂಬಿ ಹೆಸರಿಡಬಾರದು. ಆ್ಯಂಟಿ ಸಿಸಿಪಿ ಹೆಚ್ಚು ಪ್ರಮಾಣದಲ್ಲಿದ್ದು ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡಿನಲ್ಲಿ ಮೂಳೆ ಸವೆತ ಕಂಡರೆ ನಿಜವಾದ ರುಮಟಾಯ್ಡ್ ಇದೆ ಎನ್ನಬಹುದು. ಸಿ4 ಬಹಳ ಕೆಳಗಿದ್ದು ಸಿ3 ಹೆಚ್ಚುಕಮ್ಮಿ ಸರಿಯಿದ್ದರೆ ಕ್ರಯೋಗ್ಲಾಬ್ಯುಲಿನ್ ಕಡೆ ಬೆರಳು ತೋರುತ್ತದೆ. ಎಎನ್‌ಎ ಸ್ವಲ್ಪ ಪಾಸಿಟಿವ್ ಬಂದದ್ದಕ್ಕೆ ಲೂಪಸ್ (ಹಲವು ಅಂಗಗಳನ್ನು ಕಾಡುವ ಸ್ವಯಂಪ್ರತಿರೋಧದ ಕಾಯಿಲೆ) ಎಂದು ಹೆದರಬೇಕಿಲ್ಲ. ದೀರ್ಘಕಾಲದ ಹೆಪಟೈಟಿಸ್‌ನಲ್ಲಿ ಅದು ಮಾಮೂಲು.

ಕ್ರಯೋಗ್ಲಾಬ್ಯುಲಿನ್ ಪರೀಕ್ಷೆ ಕೆಡುವುದು ಎಲ್ಲಿ

ಇದರಷ್ಟು ಸುಲಭವಾಗಿ ಸುಳ್ಳು ನೆಗೆಟಿವ್ ಕೊಡುವ ಪರೀಕ್ಷೆ ಕಡಿಮೆ. ತಪ್ಪು ಆಗುವುದು ಯಂತ್ರದಲ್ಲಲ್ಲ, ದಾರಿಯಲ್ಲಿ. ರಕ್ತ ದೇಹದಿಂದ ಹೊರಬಂದು ತಣ್ಣಗಾದೊಡನೆ ಕ್ರಯೋಗ್ಲಾಬ್ಯುಲಿನ್ ಗಟ್ಟಿಯಾಗಿ ಹೆಪ್ಪಿನ ಜೊತೆ ಕೆಳಗೆ ಕೂರುತ್ತದೆ. ಮೇಲಿನ ಸೀರಂನಲ್ಲಿ (ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಹುಡುಕಿದರೆ ಸಿಗುವುದಾದರೂ ಏನು? ಸರಿಯಾದ ಕ್ರಮ ಹೀಗೆ:

ಸಿರಿಂಜನ್ನೂ ಟ್ಯೂಬನ್ನೂ ಮೊದಲೇ 37 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗೆ ಮಾಡಿರಬೇಕು. ಹೆಪ್ಪುಗಟ್ಟದಂತೆ ಮಾಡುವ ರಾಸಾಯನಿಕ ಇಲ್ಲದ ಸಾದಾ ಟ್ಯೂಬ್ ಬೇಕು. 10ರಿಂದ 20 ಮಿಲಿಲೀಟರ್ ರಕ್ತ ತೆಗೆದು, 37 ಡಿಗ್ರಿ ನೀರಿರುವ ಥರ್ಮಾಸ್ ಫ್ಲಾಸ್ಕಿನಲ್ಲಿಟ್ಟು ತಕ್ಷಣ ಲ್ಯಾಬಿಗೆ ಕೊಂಡೊಯ್ಯಬೇಕು. ಅಲ್ಲಿ ಅದೇ ಉಷ್ಣತೆಯಲ್ಲಿ ಪೂರ್ತಿ ಹೆಪ್ಪುಗಟ್ಟಲು ಬಿಟ್ಟು, ಬೆಚ್ಚಗಿರುವಾಗಲೇ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಸೀರಂ ಬೇರ್ಪಡಿಸಬೇಕು. ಆಮೇಲೆ ಆ ಸೀರಂ 4 ಡಿಗ್ರಿಯಲ್ಲಿ ಏಳು ದಿನ ಇರಬೇಕು. ಬಿಳಿ ಮಡ್ಡಿ ಕೂತರೆ ಮತ್ತೆ 37ಕ್ಕೆ ಬೆಚ್ಚಗೆ ಮಾಡಿ ಕರಗುತ್ತದೆಯೇ ನೋಡಬೇಕು. ಕರಗಿದರೆ ಅದು ಕ್ರಯೋಗ್ಲಾಬ್ಯುಲಿನ್.

ಮನೆಗೆ ಬಂದು ರಕ್ತ ತೆಗೆದು ಐಸ್ ಪ್ಯಾಕಿನ ಡಬ್ಬಿಯಲ್ಲಿ ಸಾಗಿಸುವ ಸೇವೆಯಲ್ಲಿ ಇದನ್ನು ಮಾಡಿಸುವುದು ದುಡ್ಡು ದಂಡ. ದೊಡ್ಡ ಆಸ್ಪತ್ರೆಯ ಲ್ಯಾಬಿಗೇ ಹೋಗಿ, ‘ನಿಮ್ಮಲ್ಲಿ 37 ಡಿಗ್ರಿಯಲ್ಲಿ ತೆಗೆಯುತ್ತೀರಾ’ ಎಂದು ಮೊದಲೇ ಕೇಳಿ. ಮರುದಿನವೇ ‘ನೆಗೆಟಿವ್’ ವರದಿ ಕೊಟ್ಟರೆ ನಂಬಬೇಡಿ. ಲಕ್ಷಣಗಳು ಹೊಂದಿಕೆಯಾಗಿ ಸಿ4 ಕಡಿಮೆಯಿದ್ದರೆ ಇನ್ನೊಮ್ಮೆ ಮಾಡಿಸಬೇಕು.

ಮೂರನೆಯ ಹೆಜ್ಜೆ, ವೈರಸ್ ಸಿ ಆದರೆ: ಅದನ್ನು ತೆಗೆಯಿರಿ

ಕೀಲಿನ ವಿಷಯದಲ್ಲಿ ಹೆಪಟೈಟಿಸ್ ಸಿ ಇದ್ದವರು ಒಂದು ರೀತಿಯಲ್ಲಿ ಅದೃಷ್ಟವಂತರು, ಏಕೆಂದರೆ ಮೂಲವನ್ನೇ ಕಿತ್ತುಹಾಕುವ ಮಾತ್ರೆಗಳಿವೆ. ಹಿಂದಿನ ಇಂಟರ್‌ಫೆರಾನ್ ಇಂಜೆಕ್ಷನ್ ತಾನೇ ಥೈರಾಯ್ಡ್, ಕೀಲುಗಳ ತೊಂದರೆ ತಂದಿಡುತ್ತಿತ್ತು. ಈಗ ಅದರ ಗೊಡವೆಯಿಲ್ಲ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ, ಸಿ ಎರಡಕ್ಕೂ ಪರೀಕ್ಷೆ ಮತ್ತು ಔಷಧ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗುವುದು) ಇಲ್ಲದವರಿಗೆ ಸಾಮಾನ್ಯವಾಗಿ ಸೊಫೊಸ್ಬುವಿರ್ 400 ಮಿಲಿಗ್ರಾಂ ಮತ್ತು ಡಕ್ಲಾಟಾಸ್ವಿರ್ 60 ಮಿಲಿಗ್ರಾಂ, ದಿನಕ್ಕೊಮ್ಮೆ, 12 ವಾರ. ಸಿರೋಸಿಸ್ ಇದ್ದರೆ ಸೊಫೊಸ್ಬುವಿರ್ 400 ಜೊತೆ ವೆಲ್ಪಟಾಸ್ವಿರ್ 100. ಹೊಟ್ಟೆಯಲ್ಲಿ ನೀರು ತುಂಬಿದ ಹಂತದಲ್ಲಿದ್ದರೆ ರಿಬಾವಿರಿನ್ ಸೇರಿಸುತ್ತಾರೆ ಅಥವಾ ಅವಧಿಯನ್ನು 24 ವಾರಕ್ಕೆ ಎಳೆಯುತ್ತಾರೆ. ಮಾತ್ರೆ ಮುಗಿದ ದಿನದಿಂದ 12 ವಾರ ಬಿಟ್ಟು ಮಾಡಿದ ಆರ್‌ಎನ್‌ಎ ನೆಗೆಟಿವ್ ಇದ್ದರೆ ವೈರಸ್ ಹೋಯಿತು ಎಂದರ್ಥ.

ಇಲ್ಲಿ ಎಡವುವ ಜಾಗಗಳು ಕೆಲವಿವೆ. ಕೀಲುನೋವಿನ ಮಾತ್ರೆಯ ಜೊತೆ ‘ಗ್ಯಾಸಿಗೆ’ ಎಂದು ಪ್ಯಾಂಟೊಪ್ರಜೋಲ್ ನುಂಗುವುದು ನಮ್ಮಲ್ಲಿ ಅಭ್ಯಾಸವೇ ಆಗಿಹೋಗಿದೆ. ವೆಲ್ಪಟಾಸ್ವಿರ್ ಕರಗಲು ಹೊಟ್ಟೆಯ ಆಮ್ಲ ಬೇಕು, ಗ್ಯಾಸಿನ ಮಾತ್ರೆ ಅದನ್ನೇ ತಗ್ಗಿಸುತ್ತದೆ. ಆ್ಯಂಟಾಸಿಡ್ ಸಿರಪ್ ಕೂಡ ನಾಲ್ಕು ಗಂಟೆ ಅಂತರದಲ್ಲಿರಬೇಕು. ಹೃದಯದ ಮಿಡಿತಕ್ಕೆ ಅಮಿಯೊಡರೋನ್ ತೆಗೆದುಕೊಳ್ಳುವವರು ಸೊಫೊಸ್ಬುವಿರ್ ಶುರು ಮಾಡಿದರೆ ನಾಡಿ ಅಪಾಯಕಾರಿಯಾಗಿ ನಿಧಾನವಾಗಬಹುದು. ಕ್ಷಯಕ್ಕೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಈ ಮಾತ್ರೆಗಳು ಕೆಲಸ ಮಾಡುವುದಿಲ್ಲ. ಮತ್ತೆ, ಸಿ ಯ ಜೊತೆ ಬಿ ಕೂಡ ಇದ್ದವರಲ್ಲಿ ಸಿ ಹೋದೊಡನೆ ಬಿ ತಲೆಯೆತ್ತಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಈ ಮಾತ್ರೆಗಳ ಮೇಲೆ ಕಟ್ಟೆಚ್ಚರಿಕೆ ಹಾಕಿಸಿದ್ದು ಇದಕ್ಕೇ. ಮೊದಲ ಸುತ್ತಿನಲ್ಲಿ ಎಚ್‌ಬಿಎಸ್‌ಎಜಿ ಸೇರಿಸಿದ್ದರ ಕಾರಣವೂ ಇದೇ.

ವೈರಸ್ ಹೋದ ಮೇಲೆ ಚುಕ್ಕೆಗಳು, ಕೀಲುನೋವು ಹೆಚ್ಚಿನವರಲ್ಲಿ ಇಳಿಯುತ್ತವೆ. ನರದ ಉರಿ ಕೊನೆಗೆ, ಅದೂ ನಿಧಾನವಾಗಿ. ಕೆಲವರಲ್ಲಿ ಕ್ರಯೋಗ್ಲಾಬ್ಯುಲಿನ್ ರಕ್ತದಲ್ಲಿ ಹಲವು ತಿಂಗಳು ಉಳಿಯುತ್ತದೆ. ಲಕ್ಷಣವಿಲ್ಲದಿದ್ದರೆ ಅದಕ್ಕಾಗಿ ಮದ್ದು ಬೇಡ, ನಿಗಾ ಸಾಕು. ಆದರೆ ಕುತ್ತಿಗೆ, ಕಂಕುಳಲ್ಲಿ ಗಂಟು, ರಾತ್ರಿ ಬೆವರು, ತೂಕ ಇಳಿಕೆ ಕಂಡರೆ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಅಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಸದಾ ಕೆಲಸದಲ್ಲಿದ್ದ ಬಿ ಜೀವಕೋಶಗಳು ಕೆಲವೊಮ್ಮೆ ಆ ದಾರಿ ಹಿಡಿಯುತ್ತವೆ.

ಮೂತ್ರಪಿಂಡ, ನರ ತೀವ್ರವಾಗಿ ಕೆಡುತ್ತಿದ್ದರೆ 12 ವಾರ ಕಾಯುವಂತಿಲ್ಲ. ಆಗ ರಿಟುಕ್ಸಿಮ್ಯಾಬ್ (ಬಿ ಜೀವಕೋಶಗಳನ್ನು ಅಳಿಸುವ ಇಂಜೆಕ್ಷನ್), ಅಲ್ಪಾವಧಿಯ ಸ್ಟೆರಾಯ್ಡ್, ಕೆಲವೊಮ್ಮೆ ಪ್ಲಾಸ್ಮಾ ಬದಲಾವಣೆ (ರಕ್ತದ ದ್ರವಭಾಗ ತೆಗೆದು ಬೇರೆ ದ್ರವ ತುಂಬುವುದು), ಇವುಗಳ ಜೊತೆಗೇ ವೈರಸ್ಸಿನ ಮಾತ್ರೆ ನಡೆಯುತ್ತದೆ.

ವೈರಸ್ ಬಿ ಆದರೆ: ಸ್ಟೆರಾಯ್ಡಿಗೂ ಮುಂಚೆ ಕಾವಲು

ಬಿ ಯನ್ನು ಈಗಿರುವ ಮಾತ್ರೆಗಳಿಂದ ಅದುಮಿಡಬಹುದು, ಪೂರ್ತಿ ಕೀಳುವುದು ಅಪರೂಪ. ಅದರ ತಳಬೀಜ ಲಿವರ್ ಕೋಶದ ಕೇಂದ್ರದಲ್ಲೇ ಕೂತಿರುತ್ತದೆ. ಅದನ್ನು ಹಿಡಿದಿಟ್ಟಿರುವುದು ನಮ್ಮ ರೋಗನಿರೋಧಕ ಶಕ್ತಿ. ಸಂಧಿವಾತಕ್ಕೆಂದು ಆ ಶಕ್ತಿಯನ್ನು ತಗ್ಗಿಸಿದರೆ ಬೀಗ ತೆಗೆದಂತೆ.

ಅಪಾಯ ಎಲ್ಲ ಮದ್ದಿಗೂ ಒಂದೇ ಅಲ್ಲ. ರಿಟುಕ್ಸಿಮ್ಯಾಬ್ ಎಲ್ಲಕ್ಕಿಂತ ಕೆಟ್ಟದ್ದು: ಎಚ್‌ಬಿಎಸ್‌ಎಜಿ ನೆಗೆಟಿವ್ ಇದ್ದು ಆ್ಯಂಟಿ ಎಚ್‌ಬಿಸಿ ಮಾತ್ರ ಪಾಸಿಟಿವ್ ಇದ್ದವರಲ್ಲೂ ವೈರಸ್ಸನ್ನು ಎಬ್ಬಿಸಬಲ್ಲದು. ಎಚ್‌ಬಿಎಸ್‌ಎಜಿ ಪಾಸಿಟಿವ್ ಇದ್ದವರಿಗೆ ಪ್ರೆಡ್ನಿಸೊಲೋನ್ ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು, ನಾಲ್ಕು ವಾರ ದಾಟಿದರೆ ಅಪಾಯ ದೊಡ್ಡದು. ಅಡಲಿಮುಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್‌ನಂಥ ಇಂಜೆಕ್ಷನ್‌ಗಳಿಗೂ ಕಾವಲು ಬೇಕು. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್, ಮಂಡಿಯೊಳಗೆ ಒಮ್ಮೆ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ವೈರಸ್ ಎಬ್ಬಿಸುವ ವಿಷಯದಲ್ಲಿ ಕಡಿಮೆ ಅಪಾಯದವು.

ಕಾವಲು ಎಂದರೆ ಎಂಟೆಕಾವಿರ್ 0.5 ಮಿಲಿಗ್ರಾಂ ಅಥವಾ ಟೆನೊಫೊವಿರ್, ದಿನಕ್ಕೊಮ್ಮೆ. ಇದು ಸ್ಟೆರಾಯ್ಡಿಗಿಂತ ಮುಂಚೆ ಅಥವಾ ಕನಿಷ್ಠ ಅದೇ ದಿನ ಶುರುವಾಗಬೇಕು. ಎಸ್‌ಜಿಪಿಟಿ ಏರಿದ ಮೇಲೆ ಶುರು ಮಾಡಿದರೆ ತಡವಾಗಿರುತ್ತದೆ. ಎಂಟೆಕಾವಿರ್ ಖಾಲಿ ಹೊಟ್ಟೆಗೆ, ಊಟದಿಂದ ಹಿಂದೆ ಮುಂದೆ ಎರಡು ಗಂಟೆ ಬಿಟ್ಟು. ಮಲಗುವ ಮುನ್ನ ತೆಗೆದುಕೊಳ್ಳುವುದು ಅನುಕೂಲ. ಸಂಧಿವಾತದ ಮದ್ದು ನಿಲ್ಲಿಸಿದ ಮೇಲೂ ಕನಿಷ್ಠ ಆರು ತಿಂಗಳು, ರಿಟುಕ್ಸಿಮ್ಯಾಬ್ ಆಗಿದ್ದರೆ ಕನಿಷ್ಠ ಒಂದು ವರ್ಷ ಮುಂದುವರಿಸಬೇಕು. ‘ಗಂಟುನೋವು ವಾಸಿಯಾಯಿತು, ಇದೂ ಸಾಕು’ ಎಂದು ಒಟ್ಟಿಗೆ ನಿಲ್ಲಿಸಿದಾಗಲೇ ಹೆಚ್ಚಿನ ಅನಾಹುತ ಆಗುವುದು.

ಪಾಲಿಆರ್ಟರೈಟಿಸ್ ನೊಡೋಸಾದಲ್ಲಿ ಸ್ಟೆರಾಯ್ಡ್ ಬೇಕೇ ಬೇಕು. ಆದರೆ ಕೆಲವೇ ವಾರ, ವೈರಸ್ಸಿನ ಮಾತ್ರೆಯ ಜೊತೆ, ಪ್ಲಾಸ್ಮಾ ಬದಲಾವಣೆಯ ಸಹಿತ. ತಿಂಗಳುಗಟ್ಟಲೆ ಎಳೆಯುವುದಿಲ್ಲ.

ಅಲ್ಲಿಯತನಕ ನೋವಿಗೆ ಏನು?

ಪ್ಯಾರಾಸಿಟಮಾಲ್ ಎಂದರೆ ಲಿವರ್ ಕಾಯಿಲೆಯವರು ಹೆದರುತ್ತಾರೆ, ಡೈಕ್ಲೊಫೆನಾಕ್ ಎಂದರೆ ಹೆದರುವುದಿಲ್ಲ. ಇರಬೇಕಾದದ್ದು ಇದಕ್ಕೆ ತಿರುಗುಮುರುಗು. ದಿನಕ್ಕೆ ಒಟ್ಟು 2 ಗ್ರಾಂ ಮೀರದಂತೆ ಪ್ಯಾರಾಸಿಟಮಾಲ್ ಸಿರೋಸಿಸ್ ಇದ್ದವರಿಗೂ ಬಹುತೇಕ ನಿರಪಾಯ. ಅಂದರೆ 650ರ ಮಾತ್ರೆ ಮೂರು, 1,950 ಮಿಲಿಗ್ರಾಂ, ಅಲ್ಲಿಗೆ ಮುಗಿಯಿತು. ನೆಗಡಿಯ ಮಾತ್ರೆಯಲ್ಲೂ, ಅಸೆಕ್ಲೊಫೆನಾಕ್ ಜೋಡಿ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಅಡಗಿರುತ್ತದೆ, ಅದನ್ನೂ ಕೂಡಿಸಿ. ಮದ್ಯಪಾನ ಇದ್ದರೆ ಈ ಲೆಕ್ಕ ನಂಬುವಂತಿಲ್ಲ.

ಡೈಕ್ಲೊಫೆನಾಕ್, ನಿಮೆಸುಲೈಡ್, ಐಬುಪ್ರೊಫೆನ್ ಸಿರೋಸಿಸ್ ಇದ್ದವರಿಗೆ ಬೇಡವೇ ಬೇಡ. ಲಿವರ್ ಸೊರಗಿದಾಗ ಮೂತ್ರಪಿಂಡಕ್ಕೆ ರಕ್ತ ಹರಿಯಲು ನೆರವಾಗುವ ರಾಸಾಯನಿಕವನ್ನು ಈ ಮಾತ್ರೆಗಳು ನಿಲ್ಲಿಸುತ್ತವೆ, ಅನ್ನನಾಳದ ಉಬ್ಬಿದ ರಕ್ತನಾಳಗಳಿಂದ ರಕ್ತ ಸೋರುವ ಭಯವೂ ಇದೆ. ಪ್ಲೇಟ್‌ಲೆಟ್ 1.5 ಲಕ್ಷಕ್ಕಿಂತ ಕಡಿಮೆ, ಸ್ಕ್ಯಾನಿನಲ್ಲಿ ಗುಲ್ಮ (ಸ್ಪ್ಲೀನ್) ದೊಡ್ಡದು ಎಂದಿದ್ದರೆ ಸಿರೋಸಿಸ್ ಇಲ್ಲವೆಂದು ಖಚಿತವಾಗುವವರೆಗೆ ಮುಟ್ಟಬೇಡಿ. ಸಣ್ಣ ಕೀಲಿಗೆ ಮೇಲೆ ಹಚ್ಚುವ ಜೆಲ್ ಪರವಾಗಿಲ್ಲ. ವೈರಸ್ ಸಕ್ರಿಯವಾಗಿರುವಾಗ ಮೆಥೊಟ್ರೆಕ್ಸೇಟ್, ಲೆಫ್ಲುನೊಮೈಡ್ ಬೇಡ. ಸಿ ವಾಸಿಯಾಗಿ ಸಿರೋಸಿಸ್ ಇಲ್ಲವೆಂದಾದರೆ ನಿಜವಾದ ರುಮಟಾಯ್ಡಿಗೆ ಆ ಬಾಗಿಲು ಮತ್ತೆ ತೆರೆಯುತ್ತದೆ.

ಊದಿದ ಕೀಲಿಗೆ ಐಸ್ ಇಡುವುದು ವಾಡಿಕೆ. ಕ್ರಯೋಗ್ಲಾಬ್ಯುಲಿನ್ ಇದ್ದವರಿಗೆ ಅದು ವರ್ಜ್ಯ. ಬೆಚ್ಚಗಿನ ಕಾವು, ಕಾಲುಚೀಲ. ಮಡಿಕೇರಿಯ ಡಿಸೆಂಬರಿಗೂ, ಹಿಮ ಬೀಳುವ ದೇಶಗಳಲ್ಲಿ ನೆಲೆಸಿದವರಿಗೂ ಕೈಗವಸು ಔಷಧದ ಭಾಗವೇ.

ನಾಟಿ ಪುಡಿ, ಇಮ್ಯುನಿಟಿ ಬೂಸ್ಟರ್

‘ಮೂರೇ ದಿನದಲ್ಲಿ ಗಂಟುನೋವು ಮಾಯ’ ಎಂದು ಚೀಟಿಯಿಲ್ಲದ ಪೊಟ್ಟಣದಲ್ಲಿ ಬರುವ ಪುಡಿ, ಗುಳಿಗೆಗಳಲ್ಲಿ ಸ್ಟೆರಾಯ್ಡ್ ಬೆರೆಸಿದ್ದು ಮತ್ತೆ ಮತ್ತೆ ಪತ್ತೆಯಾಗಿದೆ. ಅಷ್ಟು ಬೇಗ ಗುಣ ಕೊಡುವುದು ಅದೇ. ಬಿ ಇದ್ದವರು ಇದನ್ನು ತಿಂದರೆ ಪ್ರಮಾಣವೇ ಗೊತ್ತಿಲ್ಲದ ಸ್ಟೆರಾಯ್ಡನ್ನು ಕಾವಲಿಲ್ಲದೆ ತಿಂದಂತೆ. ಮುಖ ದುಂಡಗಾಗುವುದು, ಸಕ್ಕರೆ ಏರುವುದು, ಪುಡಿ ಬಿಟ್ಟೊಡನೆ ನೋವು ಇಮ್ಮಡಿಯಾಗುವುದು ಅದರ ಗುರುತು. ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ಬಿಡಬೇಡಿ, ಪೊಟ್ಟಣದ ಸಮೇತ ವೈದ್ಯರಿಗೆ ತೋರಿಸಿ.

ಅಮೃತಬಳ್ಳಿಯ ಕಷಾಯದಿಂದ ಲಿವರಿಗೆ ಸ್ವಯಂಪ್ರತಿರೋಧದ ಬಗೆಯ ಹಾನಿಯಾದದ್ದನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಹೇಗೇ ಇರಲಿ, ಇಲ್ಲಿ ತೊಂದರೆ ಕೊಡುತ್ತಿರುವುದೇ ಅತಿಯಾಗಿ ಕೆರಳಿದ ರೋಗನಿರೋಧಕ ವ್ಯವಸ್ಥೆ. ಅದನ್ನು ಇನ್ನಷ್ಟು ‘ಬೂಸ್ಟ್’ ಮಾಡಲು ಹೊರಡುವುದರಲ್ಲಿ ಅರ್ಥವಿಲ್ಲ. ಚರ್ಮ ಗೀರಿ ರಕ್ತ ತೆಗೆಸುವ ಚಿಕಿತ್ಸೆಯಂತೂ ಬೇಡ. ಆ ಬ್ಲೇಡು ಮುಂದಿನವರಿಗೂ ಹೋಗುತ್ತದೆ.

ತಡಮಾಡದೆ ಹೊರಡಬೇಕಾದದ್ದು

ಒಂದೇ ಕೀಲು ಕೆಂಪಗೆ ಬಿಸಿಯಾಗಿ ಜ್ವರ ಬಂದರೆ (ಅದು ಕೀವಿನ ಸೋಂಕಿರಬಹುದು, ಗಂಟೆಗಳ ಲೆಕ್ಕ), ಪಾದ ಅಥವಾ ಮಣಿಕಟ್ಟು ದಿಢೀರನೆ ಜೋತುಬಿದ್ದರೆ, ಮೂತ್ರ ಕಡಿಮೆಯಾಗಿ ಮುಖ ಊದಿದರೆ, ಕಾಲ್ಬೆರಳು ಕಪ್ಪಾದರೆ, ಸ್ಟೆರಾಯ್ಡ್ ನಡೆಯುತ್ತಿರುವಾಗ ಕಣ್ಣು ಹಳದಿಯಾದರೆ, ರಕ್ತ ವಾಂತಿಯಾದರೆ, ಕಪ್ಪು ಮಲ ಹೋದರೆ.

ಆಸ್ಪತ್ರೆಗೆ ಹೋಗುವಾಗ ಫೈಲಿನ ಮೊದಲ ಹಾಳೆಯಲ್ಲಿ ಇಷ್ಟು ದಪ್ಪಕ್ಷರದಲ್ಲಿರಲಿ: ಬಿ ಯೋ ಸಿ ಯೋ, ಕೊನೆಯ ಡಿಎನ್‌ಎ ಅಥವಾ ಆರ್‌ಎನ್‌ಎ ಸಂಖ್ಯೆ ಮತ್ತು ತಾರೀಖು, ಸಿರೋಸಿಸ್ ಇದೆಯೋ ಇಲ್ಲವೋ, ಈಗ ನಡೆಯುತ್ತಿರುವ ಎಲ್ಲ ಮಾತ್ರೆ. ಕೀಲಿನ ವೈದ್ಯರು ಒಂದು ಊರಲ್ಲಿ, ಲಿವರಿನ ವೈದ್ಯರು ಇನ್ನೊಂದು ಊರಲ್ಲಿ ಇರುವುದೇ ಹೆಚ್ಚು. ಅವರಿಬ್ಬರ ನಡುವೆ ಓಡಾಡುವುದು ಆ ಹಾಳೆಯೊಂದೇ. ಮನೆಯವರಿಗೆಲ್ಲ ಎಚ್‌ಬಿಎಸ್‌ಎಜಿ ಮಾಡಿಸಿ, ನೆಗೆಟಿವ್ ಇದ್ದವರಿಗೆ 0, 1, 6 ತಿಂಗಳ ಲಸಿಕೆ ಹಾಕಿಸಿದ ತಾರೀಖುಗಳನ್ನೂ ಅದರ ಹಿಂಬದಿಯಲ್ಲಿ ಬರೆದಿಡಬಹುದು.